ಮುಂದಿನ ಆಟಕ್ಕೊಂದು ಬಿನ್ನಹ

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಬಂದು ಕೇಳಿದಾಗ, ಛಂದಸ್ಸಿನ ವಿಷಯವಾಗಿಯೋ ವಚನಗಳ ವಿಷಯವಾಗಿಯೋ ನಾನು ಬರೆಯುವೆನೆಂದು ಅವರು ಎಣಿಸಿದ್ದರು. ನಾನಾದರೋ ಒಂದು ಕಂಪ್ಯೂಟರ್ ಆಟದ ವಿಷಯ ಬರೆಯಲು ಕುಳಿತಿದ್ದೇನೆ. ಅದೂ ಇನ್ನೂ ಬಾರದಿರುವ ಆಟ! ಕನ್ನಡದ ಮಾಸ್ತರರಿಗೆ ಇದೇನು ಬಂದಿತೆಂದು ನೀವು ನಗಬಹುದು. ನಗಿರಿ, ಆದರೆ ಓದಿದ ಮೇಲೆ ನಗಿರಿ.

ಇದಕ್ಕೆಲ್ಲ ಕಾರಣ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಹೆಸರು ಹೇಳಲಾರೆ, ಇದನ್ನು ಬರೆಯಲು ಅವನು ಅಪ್ಪಣೆ ಕೊಟ್ಟುದೇ ಆ ಷರತ್ತಿನ ಮೇಲೆ. ಕಳೆದ ಜೂನ್ ತಿಂಗಳಿನಲ್ಲಿ ಕಲಬುರಗಿಯ ಕಡೆಯಿಂದ ಮುಂಬಯಿಗೆ ಬಂದವನು. ತಂದೆ ಕಟ್ಟಡದ ಕೆಲಸದವರು. ಅಣ್ಣನು ಕಂಪ್ಯೂಟರ್ ರಿಪೇರಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಮೊದಲನೆಯ ದಿನ ತರಗತಿಯಲ್ಲಿ ಅವನು ಎದ್ದು ನಿಂತು ತನ್ನೂರಿನ ವಿಷಯ ನಾಲ್ಕು ಮಾತು ಹೇಳಿದಾಗ, ಕರಾವಳಿಯ ಕನ್ನಡಕ್ಕೆ ಒಗ್ಗಿದ ಕೆಲವರು ಅವನ ರಾಗಕ್ಕೆ ನಕ್ಕರು. ನಾನು ಗದರಿಸಿದೆ. ನಗು ನಿಂತಿತು, ಅವನ ಮಾತೂ ನಿಂತಿತು.

ಆಗಸ್ಟ್ ತಿಂಗಳಿನಲ್ಲಿ ಅವನ ವ್ಯಾಕರಣದ ನೋಟುಬುಕ್ಕು ತಿದ್ದುತ್ತಿದ್ದಾಗ, ಕೊನೆಯ ಪುಟದಲ್ಲಿ ವಿಚಿತ್ರವಾದ ಬರವಣಿಗೆ ಕಂಡಿತು. ಒದ್ದೆ ಮಣ್ಣಿನ ಮೇಲೆ ಯಾವುದೋ ಹಕ್ಕಿ ಉಗುರಿನಿಂದ ಕೆರೆದಂತೆ ಗೀರುಗಳು, ಚುಕ್ಕೆಗಳು. ಸಾಲು ಮಾತ್ರ ನೇರವಾಗಿತ್ತು.

"ಇದೇನಪ್ಪ?" ಎಂದೆ.

"ಡ್ರ್ಯಾಗನ್ ಅಕ್ಷರ್ರೀ ಸರ್," ಎಂದನು. ಎರಡು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲನೆಯ ಪೂರ್ಣ ವಾಕ್ಯ ಅದು.

ಏನು ಬರೆದಿರುವೆಯೆಂದು ಕೇಳಿದರೆ ಹೇಳಲಿಲ್ಲ. ಅಕ್ಷರಗಳು ಎಲ್ಲಿಯವು ಎಂಬುದನ್ನಷ್ಟೇ ಹೇಳಿದನು. 'ಎಲ್ಡರ್ ಸ್ಕ್ರೋಲ್ಸ್' ಎಂಬ ಆಟಗಳ ಮಾಲೆಯಲ್ಲಿ ಐದನೆಯದಾದ 'ಸ್ಕೈರಿಮ್' 2011ರ ನವೆಂಬರ್ 11ರಂದು ಹೊರಬಂದಿತು. ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ಮಾಡಿದ್ದು. ಹಿಮದ ಬೆಟ್ಟಗಳ ಒಂದು ಕಲ್ಪಿತ ದೇಶ. ಸತ್ತುಹೋದುವೆಂದು ತಿಳಿದಿದ್ದ ಡ್ರ್ಯಾಗನ್‌ಗಳು ಅಲ್ಲಿ ಮತ್ತೆ ಎದ್ದು ಬರುತ್ತವೆ. ಅವುಗಳಿಗೊಂದು ಭಾಷೆ, 34 ಅಕ್ಷರಗಳ ಒಂದು ಲಿಪಿ ಉಂಟು. ಪಾಳುಬಿದ್ದ ಗೋಡೆಗಳ ಮೇಲೆ ಕೊರೆದ ಆ ಭಾಷೆಯ ಮಾತನ್ನು ಕಲಿತು ಗಟ್ಟಿಯಾಗಿ ಕೂಗಿದರೆ ಎದುರಿಗಿದ್ದವನು ಹಾರಿಹೋಗಿ ಬೀಳುತ್ತಾನೆ. ಮಾತಿಗೆ ಇಷ್ಟು ಬಲವಿರುವ ಲೋಕದಲ್ಲಿ ಆ ಹುಡುಗನಿಗೆ ಏಕೆ ಮನಸ್ಸು ನೆಟ್ಟಿತೆಂಬುದು ನನಗೆ ತಡವಾಗಿ ಹೊಳೆಯಿತು. (ಈ ಆಟ ದೊಡ್ಡವರಿಗೆಂದು ಅದರ ಹೊದಿಕೆಯ ಮೇಲೆಯೇ ಮುದ್ರಿಸಿದ್ದಾರೆ. ಅಣ್ಣ ಆಡುವಾಗ ಹಿಂದೆ ಕುಳಿತು ನೋಡಿದೆನೆಂದು ಅವನು ಹೇಳಿದನು. ನಾನು ನಂಬಿದೆನು, ನೀವೂ ನಂಬಿರಿ.)

ಅವನ ಬರಹವನ್ನು ಓದಬೇಕೆಂಬ ಹಟದಿಂದ ನಾನು ಆ ಅಂಗಡಿಗೆ ಹೋದೆ. ಅಣ್ಣನು ಭಾನುವಾರಗಳಂದು ಬಾಗಿಲು ಅರ್ಧ ಎಳೆದು, ಹಳೆಯ ಯಂತ್ರವೊಂದರ ಮುಂದೆ ನನ್ನನ್ನು ಕುಳ್ಳಿರಿಸಿದನು. ಮೊದಲ ವಾರ ತೋಳಗಳು ನನ್ನನ್ನು ಏಳು ಬಾರಿ ಕೊಂದವು. ಅದನ್ನು ವಿವರಿಸಿ ಮಾಸ್ತರಿಕೆಯ ಗೌರವವನ್ನು ಕಳೆದುಕೊಳ್ಳಲಾರೆ. ನಡೆಯುತ್ತ ನಡೆಯುತ್ತ ವಿಂಡ್‌ಹೆಲ್ಮ್ ಎಂಬ ಪಟ್ಟಣವನ್ನು ಮುಟ್ಟಿದೆ.

ಆ ಪಟ್ಟಣದ ಹೆಬ್ಬಾಗಿಲನ್ನು ದಾಟುತ್ತಲೇ, ಇಬ್ಬರು ಸ್ಥಳೀಯರು ಬೂದು ಬಣ್ಣದ ಹೆಂಗಸೊಬ್ಬಳನ್ನು ಅಡ್ಡಗಟ್ಟಿ, ನೀವೇಕೆ ಇಲ್ಲಿಗೆ ಬಂದಿರೆಂದು ಗದ್ದರಿಸುತ್ತಿರುತ್ತಾರೆ. ಅವಳ ಜನ ತಮ್ಮ ನಾಡಿನಲ್ಲಿ ಜ್ವಾಲಾಮುಖಿ ಸಿಡಿದುದರಿಂದ ಓಡಿಬಂದವರು. ಪಟ್ಟಣದ ಇಕ್ಕಟ್ಟಾದ ಒಂದು ಕೇರಿಯಲ್ಲಿ ಅವರ ವಾಸ. ಅದಕ್ಕೆ ಬೂದು ಕೇರಿ ಎಂದೇ ಹೆಸರು. ಹಲ್ಲಿಯಂಥ ಮೈಯ ಇನ್ನೊಂದು ಜನ ಬಂದರಿನಲ್ಲಿ ಮೂಟೆ ಹೊರಬಹುದು, ಆದರೆ ಕೋಟೆಯೊಳಗೆ ಇರುವಂತಿಲ್ಲ. ಬೆಕ್ಕಿನ ಮುಖದ ವ್ಯಾಪಾರಿಗಳಂತೂ ಯಾವ ಊರಿಗೆ ಹೋದರೂ ಗೋಡೆಯ ಹೊರಗೆಯೇ ಡೇರೆ ಹಾಕಬೇಕು. ಆಟವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇವರನ್ನು ನಾನು ಬಲ್ಲೆನೆನಿಸಿತು.

ಆದರೆ ಒಂದು ಕೊರತೆ ನನ್ನನ್ನು ಕಾಡಿತು. ಬೂದು ಕೇರಿಯ ಮುದುಕನೂ, ಬಂದರಿನ ಕೂಲಿಯೂ, ಬಾಗಿಲ ಕಾವಲುಗಾರನೂ ಒಂದೇ ಭಾಷೆಯನ್ನಾಡುತ್ತಾರೆ. ಮನೆಯೊಳಗೆ ತಮ್ಮತಮ್ಮಲ್ಲಿಯೂ ಅದೇ ಭಾಷೆ! ಬೂದು ಜನರ ನುಡಿಯಿಂದ ಆಗಾಗ ಕೇಳಿಬರುವ ಬಿಡಿಮಾತುಗಳಲ್ಲಿ ಹೆಚ್ಚಿನವು ಬೈಗುಳ. ಅವುಗಳಲ್ಲಿ ಒಂದರ ಅರ್ಥ 'ಹೊರಗಿನವ' ಎಂದು. ಜ್ವಾಲಾಮುಖಿಯಿಂದ ಓಡಿಬಂದವರು ಮಾತೃಭಾಷೆಯಲ್ಲಿ ಬೈಗುಳವನ್ನು ಮಾತ್ರ ಗಂಟುಕಟ್ಟಿ ತಂದರೆಂದು ನಂಬುವುದು ಹೇಗೆ?

ನಾನು ಕುಂದಾಪುರದ ಕಡೆಯಿಂದ, ಕನ್ನಡದಲ್ಲಿಯೇ ಹತ್ತನೆಯ ತರಗತಿ ಮುಗಿಸಿ, 2004ರಲ್ಲಿ ಈ ನಗರಕ್ಕೆ ಬಂದೆ. ಹೋಟೆಲಿನಲ್ಲಿ ಕೆಲಸ. ಮರಾಠಿ ಬಾರದು, ಹಿಂದಿ ಬಂದಂತೆ. ಎರಡನೆಯ ದಿನ ಅಡಿಗೆಯ ಭಟ್ಟರು ಚಟ್ನಿಗೆ ಶುಂಠಿ ತಾ ಎಂದು ಕಳುಹಿಸಿದರು. ತರಕಾರಿ ಮಾರುವ ಅಜ್ಜಿಯ ಮುಂದೆ ನಿಂತು "ಸುಂಠಿ, ಸುಂಠಿ" ಎಂದೆ. ಅವಳ ಬುಟ್ಟಿಯಲ್ಲಿ ಹಸಿ ಶುಂಠಿ ಕಣ್ಣೆದುರಿಗೇ ಇತ್ತು. ಬೆರಳು ತೋರಿಸುವುದಕ್ಕೆ ನನಗೆ ನಾಚಿಕೆ. ಅವಳು ಎದುರಿನ ದಿನಸಿ ಅಂಗಡಿಯ ಕಡೆಗೆ ಕೈಮಾಡಿದಳು. ಅಲ್ಲಿ ಕೊಟ್ಟ ಒಣ ಶುಂಠಿಯನ್ನು ತಂದು ಭಟ್ಟರಿಂದ ಬೈಸಿಕೊಂಡೆ. ಮರಾಠಿಯಲ್ಲಿ 'ಸುಂಠ' ಎಂದರೆ ಒಣಗಿದ್ದು, ಹಸಿಯದಕ್ಕೆ 'ಆಲೆ' ಎನ್ನುತ್ತಾರೆ. ಮರುದಿನ ಆ ಅಜ್ಜಿಯೇ ನಕ್ಕು, ಶುಂಠಿಯನ್ನು ಎತ್ತಿ ಹಿಡಿದು, ಮೂರು ಬಾರಿ ಹೇಳಿಸಿದಳು. ನನಗೆ ಮರಾಠಿಯ ಮೊದಲ ಪಾಠವಾದುದು ಆ ಬುಟ್ಟಿಯ ಮುಂದೆ.

ಈ ಮಾಲೆಯ ಆರನೆಯ ಆಟ ಬರಲಿದೆಯೆಂದು 2018ರ ಜೂನ್‌ನಲ್ಲಿ ಪ್ರಕಟಿಸಿದರು. ಬೆಟ್ಟಗಳನ್ನೂ ಕಡಲತೀರವನ್ನೂ ತೋರಿಸುವ, ಒಂದು ನಿಮಿಷವೂ ಇಲ್ಲದ ಚಿತ್ರವೊಂದನ್ನು ಬಿಟ್ಟುದು ಬಿಟ್ಟರೆ, ಇದನ್ನು ಬರೆಯುವವರೆಗೆ ಆಟ ಬಂದಿಲ್ಲ. ಆಡುವವರು ಜಗತ್ತಿನಾದ್ಯಂತ ತಮ್ಮ ತಮ್ಮ ಬೇಡಿಕೆಗಳನ್ನು ಮುಂದಿಡುತ್ತಿದ್ದಾರೆ: ಕತ್ತಿವರಸೆ ಸುಧಾರಿಸಲಿ, ಪಟ್ಟಣಗಳು ದೊಡ್ಡದಾಗಲಿ, ಹಡಗುಗಳಿರಲಿ ಎಂದು. ಆಗಲಿ. ನನ್ನದು ಒಂದೇ ಬೇಡಿಕೆ. ಮುಂದಿನ ಆಟದಲ್ಲಿ ಜನರಿಗೆ ಅವರವರ ಭಾಷೆ ಇರಲಿ. ಆಡುವವನು ಅದನ್ನು ಕಲಿಯಬೇಕಾಗಲಿ.

ಇದು ಆಗದ ಮಾತೇನೂ ಅಲ್ಲ. ಇದೇ ಮಾಲೆಯ ಎರಡನೆಯ ಆಟವಾದ 'ಡ್ಯಾಗರ್‌ಫಾಲ್' 1996ರಲ್ಲಿ ಬಂದಾಗ ಅದರಲ್ಲಿ ಒಂಬತ್ತು ಭಾಷಾ ಕೌಶಲಗಳಿದ್ದುವು. ದೈತ್ಯರ ಭಾಷೆ ಬಂದರೆ ದೈತ್ಯನು ಹೊಡೆಯದೆ ಬಿಡುವ ಸಂಭವವಿತ್ತು. 2002ರ 'ಮಾರೋವಿಂಡ್' ಬರುವಷ್ಟರಲ್ಲಿ ಆ ಒಂಬತ್ತನ್ನೂ ಕಿತ್ತುಹಾಕಿದರು. ಸ್ಕೈರಿಮ್‌ನ 18 ಕೌಶಲಗಳಲ್ಲಿ ಮಾತು ಎಂಬುದೊಂದು ಇದೆ ನಿಜ. ಅದರ ಮುಖ್ಯ ಪ್ರಯೋಜನ ಅಂಗಡಿಯಲ್ಲಿ ಚೌಕಾಸಿ, ಮತ್ತೆ ಸ್ವಲ್ಪ ಪುಸಲಾಯಿಸುವುದು. ಆದರೆ ಆ ಆಟದ ಒಂದು ಕ್ರಮ ನನಗೆ ಬಹಳ ಹಿಡಿಸಿತು. ಕತ್ತಿ ಬೀಸಿದವನಿಗೆ ಕತ್ತಿಯ ವಿದ್ಯೆ, ಕಬ್ಬಿಣ ಬಡಿದವನಿಗೆ ಕಮ್ಮಾರಿಕೆ, ಬಳಸಿದಷ್ಟೂ ಬೆಳೆಯುತ್ತದೆ. ಭಾಷೆಗೂ ಇದೇ ಕ್ರಮ ಇಡಲಿ. ಬೂದು ಕೇರಿಗೆ ಮೊದಲ ದಿನ ಹೋದವನಿಗೆ ಬರಿಯ ಗದ್ದಲ ಕೇಳಿಸಲಿ. ಹತ್ತು ದಿನ ಓಡಾಡಿದ ಮೇಲೆ 'ನೀರು', 'ರೊಟ್ಟಿ' ಬಿಡಿಸಿಕೊಳ್ಳಲಿ. ನಡುವೆ ಒಮ್ಮೆಯಾದರೂ ಒಣ ಶುಂಠಿ ತಂದು ಬೈಸಿಕೊಳ್ಳಲಿ! ತಿಂಗಳಾದ ಮೇಲೆ, ಮುದುಕಿಯೊಬ್ಬಳು ಮೊಮ್ಮಗನಿಗೆ ಹೇಳುವ ಕಥೆ ಅವನ ಕಿವಿಯಲ್ಲಿ ತಾನಾಗಿ ಅರ್ಥವಾಗಲಿ.

ಆಟ ಕನ್ನಡದಲ್ಲಿ ಬರಲೆಂದು ಏಕೆ ಕೇಳಲಿಲ್ಲವೆಂದು ನೀವು ಕೇಳುವಿರಿ. ಕೇಳಬಹುದು. ಆದರೆ ಕಾವಲುಗಾರನೂ ಕೂಲಿಯೂ ಎಲ್ಲರೂ ಕನ್ನಡವನ್ನೇ ಆಡಿದರೆ ಕೊರತೆ ಹಾಗೆಯೇ ಉಳಿಯುತ್ತದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಮೂರು ವಾರಗಳಲ್ಲಿ 34 ಅಕ್ಷರಗಳನ್ನು ಕಲಿತೆ. ಆ ಲಿಪಿಯಲ್ಲಿ ಳಕಾರವಿಲ್ಲ. ಅವನು ಲಕಾರಕ್ಕೆ ತಾನೇ ಒಂದು ಗೀರು ಸೇರಿಸಿಕೊಂಡಿದ್ದನು. ಅದು ತಿಳಿದ ಮೇಲೆ ನೋಟುಬುಕ್ಕಿನ ಸಾಲು ಬಿಡಿಸಿಕೊಂಡಿತು: "ಇಲ್ಲಿ ನನ್ನ ಮಾತು ಯಾರೂ ಕೇಳಂಗಿಲ್ಲ. ನಾ ಊರಿಗಿ ಹೋಗ್ತೀನಿ."

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಅದೇ ಲಿಪಿಯಲ್ಲಿ, ಅವನದೇ ಳಕಾರದಿಂದ, "ನಾನು ಕೇಳುತ್ತೇನೆ" ಎಂದು ಕೆಳಗೆ ಬರೆದು ನೋಟುಬುಕ್ಕನ್ನು ಹಿಂತಿರುಗಿಸಿದೆ. ಅವನು ಓದಿ, ಪುಸ್ತಕ ಮುಚ್ಚಿದನು. ಏನೂ ಹೇಳಲಿಲ್ಲ. ಆದರೆ ಸಂಜೆ ಗೇಟಿನ ಹತ್ತಿರ ಕಾದು ನಿಂತಿದ್ದನು. ಮುಂದಿನ ಆಟದಲ್ಲಿ ನಿನಗೇನು ಬೇಕೆಂದು ನಡೆಯುತ್ತ ಕೇಳಿದೆ.

"ಅಲ್ಲಿ ಹುಡುಗ್ರು ಬರೇ ಓಡ್ಯಾಡ್ತಾವ್ರೀ ಸರ್. ಒಂದು ಸಾಲಿ ಇರಬೇಕ್ರಿ," ಎಂದನು.

ದೀಪಾವಳಿಯ ರಜೆಗೆ ಅವನು ಊರಿಗೆ ಹೋದನು. ಶಾಲೆ ಮತ್ತೆ ತೆರೆದ ದಿನ ಅವನ ಬೆಂಚು ಬರಿದಾಗಿತ್ತು, ಮರುದಿನವೂ. ಮೂರನೆಯ ದಿನ ಬಂದು, ನನ್ನ ಮೇಜಿನ ಮೇಲೆ ಒಂದು ಚೀಟಿ ಇಟ್ಟನು. ಡ್ರ್ಯಾಗನ್ ಅಕ್ಷರಗಳು. ಎಲ್ಲವನ್ನೂ ಓದಿದೆ, ಒಂದು ಗುರುತು ಮಾತ್ರ ತಿಳಿಯಲಿಲ್ಲ.

"ಅದು ಣ ರೀ ಸರ್. ಊರಾಗ ಕುಂತು ಹೊಸದು ಮಾಡೀನ್ರಿ."