ಕೇರಾಫ್ 56 ಎಪಿಒ

ಸೈನಿಕರ ಕಾಗದ ಈಗ ನಮ್ಮೂರು ಶೆಟ್ಟಿಕೆರೆಗೆ ಬರುವುದಿಲ್ಲ. ಮಿಲಿಟ್ರಿಗೆ ಹೋದ ಹುಡುಗ ರಾತ್ರಿ ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಾನೆ. ಅವನು ಬಡವಾಗಿದ್ದಾನೋ ಮೈಕೈ ತುಂಬಿಕೊಂಡಿದ್ದಾನೋ ಎಂದು ತಾಯಿ ಕಣ್ಣಾರೆ ನೋಡುತ್ತಾಳೆ. ಆ ನೆಮ್ಮದಿ ನನ್ನ ತಾಯಿಗೆ ಸಿಗಲಿಲ್ಲ, ಸಿಗಬೇಕಿತ್ತು. ಆದರೂ ಕಾಗದದ ಜೊತೆಗೆ ಇನ್ನೇನೇನು ಹೋಯಿತು ಎಂಬುದನ್ನು ಯಾರಾದರೂ ಬರೆದಿಡಬೇಕು. ಆ ವ್ಯವಹಾರದ ಎರಡೂ ತುದಿಯಲ್ಲಿ ನಿಂತವನು ನಾನು. ಶಾಲೆ ಹುಡುಗನಾಗಿ ಕಾಗದ ಓದಿ ಹೇಳಿದೆ, ಆಮೇಲೆ ಎರಡು ದಶಕಕ್ಕೂ ಮಿಕ್ಕಿ ಗಡಿಗಳಿಂದ ಕಾಗದ ಬರೆದೆ.

ಅರವತ್ತರ ದಶಕದ ಶಾಲೆ. ಮಧ್ಯಾಹ್ನಕ್ಕೆ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಕದಡಿದ ಬಿಸಿ ಹಾಲು. ಮಗ್ಗಿ ತಪ್ಪಿದರೆ ಕ್ಷಮೆ ಇತ್ತು, ಪತ್ರಲೇಖನ ತಪ್ಪಿದರೆ ಇರಲಿಲ್ಲ. ನಮ್ಮ ಕನ್ನಡ ಮೇಷ್ಟ್ರು ಮಾತು ಮಾತಿಗೂ ತೀರ್ಥಪುರದ ಕಡೆ ಕೈ ತೋರಿಸುವರು. "ಕನ್ನಡದ ವಿದ್ವಾಂಸರು ತೀನಂಶ್ರೀ ಅವರು ಇಲ್ಲೇ ಹುಟ್ಟಿದವರು ಕಣ್ರೋ, ನಮ್ಮ ತಾಲ್ಲೂಕಿನವರು ಕನ್ನಡ ತಪ್ಪು ಬರೆಯಬಾರದು." ಮೇಷ್ಟ್ರು ಅಷ್ಟು ಗಟ್ಟಿಯಾಗಿ ಹಿಡಿದದ್ದಕ್ಕೆ ಕಾರಣವಿತ್ತು. ಐದನೇ ಕ್ಲಾಸು ದಾಟಿದ ಹುಡುಗರಿಗೆ ಊರಲ್ಲಿ ಕೆಲಸ ಕಾದಿರುತ್ತಿತ್ತು. ಓದು ಬಾರದ ಮನೆಗಳಿಗೆ ಹೋಗಿ ಕಾಗದ ಓದುವುದು, ಉತ್ತರ ಬರೆದುಕೊಡುವುದು.

ನಮ್ಮ ಬೀದಿಯಲ್ಲೊಬ್ಬ ಹವಾಲ್ದಾರರ ತಾಯಿ ಇದ್ದರು. ಅವರ ಮನೆಗೆ ನಾನೇ ಓದುವವನು. ನೀಲಿ ಇನ್‌ಲ್ಯಾಂಡನ್ನು ಅಂಚು ಹರಿಯದಂತೆ ಬಿಡಿಸಿ, "ಉಭಯ ಕುಶಲೋಪರಿ ಸಾಂಪ್ರತ" ಎಂದು ಶುರು ಮಾಡಿದರೆ ಅಜ್ಜಿ ಸೆರಗು ಹೊದ್ದು ನೆಟ್ಟಗೆ ಕೂರುವರು. ಮುಗಿದ ಮೇಲೆ "ಇನ್ನೊಂದ್ಸಲ ಓದು ಮಗ." ಎರಡನೇ ಸಲ ಅವರು ಕೇಳುತ್ತಿರಲಿಲ್ಲ, ಕಾಗದವನ್ನೇ ನೋಡುತ್ತಿದ್ದರು. ಅಕ್ಷರ ಗುಂಡಗಿವೆಯೋ, ಸಾಲು ಓರೆಯಾಗಿದೆಯೋ, ಅದರ ಮೇಲೆ ಮಗನ ಆರೋಗ್ಯ ಲೆಕ್ಕ ಹಾಕುವರು. ಓದು ಬಾರದ ಆ ಹೆಣ್ಣುಮಗಳು ಕಾಗದವನ್ನು ನನಗಿಂತ ಚೆನ್ನಾಗಿ ಓದುತ್ತಿದ್ದರು.

ವಿಳಾಸದಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೊನೆಗೆ ಕೇರಾಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಪೂರ್ವದ ಕಡೆ ಹೋದವರಿಗೆ 99. ಎಲ್ಲಿದ್ದೇನೆ ಎಂದು ಸೈನಿಕ ಬರೆಯುವ ಹಾಗಿಲ್ಲ. "ಇಲ್ಲಿ ಚಳಿ ಜಾಸ್ತಿ" ಎಂಬ ಒಂದೇ ಸಾಲು ಹಿಡಿದು ನಾನು ಮಾರನೇ ದಿನ ಶಾಲೆಯ ಗೋಡೆಯ ಭಾರತ ನಕ್ಷೆ ಮುಂದೆ ನಿಲ್ಲುತ್ತಿದ್ದೆ. ಮೇಷ್ಟ್ರು ಕೋಲಿನ ತುದಿಯಲ್ಲಿ ಕಾಶ್ಮೀರ, ಲಡಾಖ್ ಮುಟ್ಟಿಸುವರು. "ಮಳೆ ಬಿಡ್ತಾನೇ ಇಲ್ಲ" ಎಂದಿದ್ದರೆ ಅಸ್ಸಾಂ, ನೇಫಾ (ಈಗಿನ ಅರುಣಾಚಲ). ಸಂಜೆ ಅಜ್ಜಿಗೆ ಅದರ ವರದಿ. ನಾನು ಭೂಗೋಳ ಕಲಿತದ್ದೇ ಹಾಗೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿ ಕಾಗದ ನಿಂತೇಹೋಯಿತು. ಪಂಚಾಯ್ತಿ ರೇಡಿಯೊ ಮುಂದೆ ಊರಿಗೆ ಊರೇ ನಿಂತು ವಾರ್ತೆ ಕೇಳಿತು. ಸಂಕ್ರಾಂತಿ ಹೊತ್ತಿಗೆ ಹವಾಲ್ದಾರರ ಇನ್‌ಲ್ಯಾಂಡು ಬಂತು. ಅದನ್ನು ಓದುವಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಿಲಿಟ್ರಿಗೆ ಸೇರಬೇಕೆಂದು ನಾನು ನಿಶ್ಚಯ ಮಾಡಿದ್ದು ಅವತ್ತೇ ಇರಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ತಿಪಟೂರಿನಲ್ಲಿ ರೈಲು ಹತ್ತಿದೆ. ಆಗಿನ್ನೂ ಮೀಟರ್ ಗೇಜ್. ಬೆಂಗಳೂರಿನ ಹಲಸೂರು ಕೆರೆ ಬಳಿಯ ಮದ್ರಾಸ್ ಎಂಜಿನಿಯರ್ ಗ್ರೂಪ್ 1780ರಷ್ಟು ಹಳೆಯ ಪಡೆ. ಅಲ್ಲಿ ಕನ್ನಡದವನಾಗಲಿ ತೆಲುಗಿನವನಾಗಲಿ ಎಲ್ಲರೂ 'ತಂಬಿ'ಗಳೇ. ಸೇತುವೆ ಕಟ್ಟುವುದು, ಮೈನು ಹೂಳುವುದು, ಶತ್ರು ಹೂತ ಮೈನು ತೆಗೆದು ದಾರಿ ಮಾಡಿಕೊಡುವುದು ನಮ್ಮ ಕೆಲಸ. 1971ರಲ್ಲಿ ಬಸಂತರ್ ನದಿಯ ಹತ್ತಿರ ಗುಂಡಿನ ಮಳೆಯ ನಡುವೆ ಮೈನು ತೆಗೆದು ಟ್ಯಾಂಕುಗಳನ್ನು ದಾಟಿಸಿದ 9ನೇ ಎಂಜಿನಿಯರ್ ರೆಜಿಮೆಂಟು ನಮ್ಮ ಗ್ರೂಪಿನದು. ರಂಗರೂಟುಗಳಾದ ನಮಗೆ ಉಸ್ತಾದರು ಅದನ್ನು ಹೇಳುವಾಗ, ನಮ್ಮೂರ ಪಂಚಾಯ್ತಿ ರೇಡಿಯೊದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋದ ಸುದ್ದಿಯೊಳಗೆ ಎಷ್ಟು ಜನರ ಜೀವವಿತ್ತು ಎಂದು ಗೊತ್ತಾಯಿತು.

ನಮ್ಮಮ್ಮನ ಕಾಗದಗಳನ್ನು ಬರೆಯುತ್ತಿದ್ದವನು ಇನ್ನೊಬ್ಬ ಶಾಲೆ ಹುಡುಗ. ಕೃತ್ತಿಕೆ ಮಳೆ ಹುಯ್ದು ಹೊಲ ಹದವಾಯ್ತು, ಹುಬ್ಬೆ ಕೈಕೊಟ್ಟಿತು, ಕೆರೆ ಕೋಡಿ ಬಿತ್ತು, ಬಾವಿ ಪಕ್ಕದ ಮರ ಹೊಂಬಾಳೆ ಒಡೆದಿದೆ, ತಿಪಟೂರಲ್ಲಿ ಕೊಬ್ಬರಿ ರೇಟು ಬಿದ್ದಿದೆ, ಅದಕ್ಕೇ ಅಟ್ಟದ ಕಾಯಿ ಇಳಿಸಿಲ್ಲ. "ನಿನ್ನ ನೆನಪಾಗುತ್ತದೆ" ಎಂದು ಅಮ್ಮ ಒಮ್ಮೆಯೂ ಬರೆಸಲಿಲ್ಲ. ನಾನು ಬಿಟ್ಟುಬಂದ ಮರಗಳ ಲೆಕ್ಕ ಒಪ್ಪಿಸುತ್ತಿದ್ದರು, ನನಗೆ ಅರ್ಥವಾಗುತ್ತಿತ್ತು. ಹಿಮದ ನಡುವೆ ಕೂತು ನಮ್ಮೂರಿಗೆ ಯಾವ ಮಳೆ ನಡೆದಿದೆ ಎಂದು ಹೇಳಬಲ್ಲವನಾಗಿದ್ದೆ.

ರಜೆ ಮುಗಿಸಿ ಹೊರಡುವಾಗ ಕರಿ ಟ್ರಂಕಿನ ತಳದಲ್ಲಿ ಗಿಟುಕು, ಅಂದರೆ ಇಡಿ ಕೊಬ್ಬರಿ. ಬಲಿತ ಕಾಯಿ ಹೆಚ್ಚುಕಡಿಮೆ ವರ್ಷ ಅಟ್ಟದ ಮೇಲಿರಬೇಕು. ಒಳಗಿನ ನೀರು ಆರಿ, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪಿಗೆ ಅಳೆದು ಏಟು ಹಾಕಿ, ಗಿಟುಕು ಸೀಳದಂತೆ ಇಡಿಯಾಗಿ ತೆಗೆಯಬೇಕು. ನಮ್ಮಮ್ಮನ ಕೈಯಲ್ಲಿ ಒಂದೂ ಒಡೆದದ್ದು ನಾನು ಕಾಣೆ. ಲಡಾಖಿನ ಚಳಿಗೆ ಅದು ಕಲ್ಲಾಗುತ್ತಿತ್ತು. ಬುಖಾರಿ ಒಲೆಯ ತಗಡಿನ ಮೇಲೆ ಹೋಳು ಇಟ್ಟರೆ ಅಂಚಿನಲ್ಲಿ ಎಣ್ಣೆ ಜಿನುಗಿ, ಬಂಕರಿನ ಸೀಮೆಎಣ್ಣೆ ವಾಸನೆಯನ್ನೂ ಮೀರಿ ಘಮ್ಮೆನ್ನುತ್ತಿತ್ತು. ಮಲಯಾಳಿ ಗೆಳೆಯರು ತಮ್ಮೂರ ಕೊಬ್ಬರಿಯನ್ನೇ ಹೊಗಳುವರು. ಅದು ಗಾಣಕ್ಕೆ ಸರಿ, ತಿನ್ನುವುದಕ್ಕೆ ತಿಪಟೂರಿನದೇ ಎಂದು ಅವರು ಒಪ್ಪುವವರೆಗೂ ನಾನು ಎರಡನೇ ಹೋಳು ಕೊಡುತ್ತಿರಲಿಲ್ಲ.

ಕಾಗದಕ್ಕೆ ಕಾದಷ್ಟೇ ಟೆಲಿಗ್ರಾಮಿಗೆ ಹೆದರಿದ್ದೆವು, ಊರಿನಲ್ಲೂ ಬಂಕರಿನಲ್ಲೂ. 2013ರ ಜುಲೈನಲ್ಲಿ ಆ ಸೇವೆ ನಿಂತಾಗ ನನಗೆ ದುಃಖವಾಗಲಿಲ್ಲ. ಮನಿಯಾರ್ಡರ್ ಹೋದದ್ದು ಮಾತ್ರ ನೋವು. ಆ ಫಾರಮ್ಮಿನ ಕೆಳಗಿನ ಚೀಟಿಯಲ್ಲಿ ಹಬ್ಬಕ್ಕೆ ಯಾರಿಗೆ ಬಟ್ಟೆ, ಯಾವ ಸಾಲ ತೀರಿಸಬೇಕು ಎಂದು ಒತ್ತೊತ್ತಾಗಿ ಬರೆಯುತ್ತಿದ್ದೆವು.

ಪಿಂಚಣಿ ಪಡೆದು ಬಂದಾಗ ಊರಲ್ಲಿ ನುಸಿ ರೋಗದ ಮಾತೇ ಮಾತು, ಕಾಯಿ ಸಣ್ಣದಾಗಿ ಸಿಪ್ಪೆ ಗಟ್ಟಿಯಾಗಿತ್ತು. ಆಮೇಲೆ ಕಪ್ಪುತಲೆ ಹುಳು, ಬರ, ಬತ್ತಿದ ಕೊಳವೆಬಾವಿ. ಅಮ್ಮ ಬರೆಸುತ್ತಿದ್ದ ಮರಗಳಲ್ಲಿ ಕೆಲವು ಸುಳಿ ಬಿದ್ದು ಬೋಳಾಗಿವೆ. ನಮ್ಮ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ. ಇರುವ ಮಕ್ಕಳಿಗೆ ಪತ್ರಲೇಖನ ಈಗ ಪರೀಕ್ಷೆಯ ಒಂದು ಪ್ರಶ್ನೆ ಮಾತ್ರ, ಬೀದಿಯ ಕೊನೆಯ ಮನೆಯಲ್ಲಿ ಅದಕ್ಕಾಗಿ ಕಾದು ಕೂತವರಿಲ್ಲ.

ಸೈನಿಕನ ದೀರ್ಘ ಸೇವೆಯೂ ಹೀಗೇ ಕರಗುತ್ತಿದೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಹುಡುಗನಿಗೆ ನಾಲ್ಕು ವರ್ಷ, ಅದರಾಚೆಗೆ ಉಳಿಯುವವರು ನೂರಕ್ಕೆ ಹೆಚ್ಚೆಂದರೆ ಇಪ್ಪತ್ತೈದು ಜನ ಎಂದು ಆಗ ಹೇಳಿತ್ತು. ಪಡೆಗೆ ಎಳೆ ವಯಸ್ಸು ಬೇಕೆಂಬ ವಾದ ನನಗೆ ಅರ್ಥವಾಗುತ್ತದೆ. ಆದರೆ ಮೈನು ಹುಡುಕುವ ಬೆರಳಿಗೆ ಬುದ್ಧಿ ಬರಲು ಕಾಲ ಬೇಕು. ಪಕ್ಕದಲ್ಲಿ ಮಲಗಿದವನ ಅಮ್ಮ ಏನು ಬರೆದಿದ್ದಾಳೆಂದು ಕೇಳಿ ತಿಳಿಯಲು ಇನ್ನೂ ಹೆಚ್ಚು ಕಾಲ ಬೇಕು. ನಾಲ್ಕು ವರ್ಷಕ್ಕೆ ಮನೆಗೆ ಬರುವ ಹುಡುಗನನ್ನು ಊರು ಬಹುಕಾಲ 'ಮಿಲಿಟ್ರಿಯವರು' ಎಂದು ಕರೆಯಲಾರದು. ಆ ಗೌರವ ಅವನಿಗೂ ಸಲ್ಲಬೇಕು.

ಶೆಟ್ಟಿಕೆರೆ, ತೀರ್ಥಪುರ, ಕುಪ್ಪೂರು, ಗೋಡೆಕೆರೆಯ ಮನೆಗಳಲ್ಲಿ ಟ್ರಂಕುಗಳು ಇನ್ನೂ ಇವೆ. ಮನೆ ಕೆಡವಿ ಕಟ್ಟುವಾಗ ಅಟ್ಟದಿಂದ ಇಳಿಸಿದ ಹಳೆ ಕಾಗದ ನೀರೊಲೆಗೆ ಹೋಗುವುದನ್ನು ನಾನೇ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. 56 ಎಪಿಒ ಎಂದಿರುವ ಒಂದು ಇನ್‌ಲ್ಯಾಂಡ್ ಸಿಕ್ಕರೂ ನಿಮ್ಮೂರ ಶಾಲೆಗೆ ಕೊಡಿ. ಗಟ್ಟಿಯಾಗಿ ಓದಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಅಲ್ಲಿ ಇದ್ದೇ ಇರುತ್ತಾರೆ.