ನೂರಾಯ್ತು, ಅಜ್ಜಾ

ಅಪ್ಪ ಮರದಿಂದ ಬಿದ್ದದ್ದು 2011ರ ಮಳೆಗಾಲದ ಆಟಿ ತಿಂಗಳಲ್ಲಿ. ತೀರಿಕೊಂಡದ್ದು 2022ರ ಮಾರ್ಚಿನಲ್ಲಿ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಂದವರಲ್ಲಿ ಎಷ್ಟೋ ಮಂದಿ ನನ್ನ ಕೈ ಹಿಡಿದು, "ಪಾಪ, ಹತ್ತು ಹನ್ನೊಂದು ವರ್ಷ ನರಳಿದ, ಈಗ ಬಿಡುಗಡೆಯಾಯಿತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ನರಳಿದ್ದು ನಿಜ, ಮೊದಲ ಒಂದೂವರೆ ವರ್ಷ. ಉಳಿದ ಒಂಬತ್ತು ವರ್ಷ ಅವನು ದುಡಿದ. ಅದನ್ನು ಬರೆದಿಡಬೇಕೆಂದು ಇಲ್ಲಿ ಕೂತಿದ್ದೇನೆ.

ನಮ್ಮದು ಸುಳ್ಯ ತಾಲೂಕು. ಸ್ವಂತದ್ದೆಂದು ಇದ್ದದ್ದು ಮನೆಯಡಿ ಮತ್ತು ಅದರ ಸುತ್ತಲಿನ ನಾಲ್ಕು ಮರ. ಅಪ್ಪನ ಕಸುಬು ಬೇರೆಯವರ ತೋಟದಲ್ಲಿ ಅಡಿಕೆ ಕೊಯ್ಯುವುದು, ಮಳೆಗಾಲದಲ್ಲಿ ಮದ್ದು ಬಿಡುವುದು. ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ, ತಲೆಗೆ ಮುಟ್ಟಾಳೆ. ಒಮ್ಮೆ ಹತ್ತಿದನೆಂದರೆ ನಾಲ್ಕೈದು ಮರ ಮುಗಿಸದೆ ಇಳಿಯುತ್ತಿರಲಿಲ್ಲ. ತುದಿಯಲ್ಲಿ ಕೂತು ಮರವನ್ನು ಹಿಂದೆ ಮುಂದೆ ತೂಗಿ, ಪಕ್ಕದ ಮರ ಕೈಗೆ ಸಿಕ್ಕಿದ ಕೂಡಲೇ ಅದಕ್ಕೆ ದಾಟುತ್ತಿದ್ದ. ಕೆಳಗೆ ನಿಂತು ನೋಡುವವರ ಎದೆ ಝಲ್ಲೆನ್ನುತ್ತಿತ್ತು. ಅವನಿಗೆ ಅದು ಹೊಳೆ ದಾಟುವಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟ ಹಾಗೆ.

ಮಹಾಳಿ, ಅಂದರೆ ಕೊಳೆರೋಗ, ಬಂದರೆ ಎಳೆಕಾಯಿ ಕೊಳೆತು ಬುಡದಲ್ಲಿ ರಾಶಿ ಬೀಳುತ್ತದೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಬಿಡಲೇಬೇಕು. ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗಕ್ಕೆ ಈ ಮದ್ದನ್ನು ಬಳಕೆಗೆ ತಂದು ನೂರು ವರ್ಷ ದಾಟಿತಂತೆ, ನಾನು ಎಷ್ಟೋ ಕಾಲದ ಮೇಲೆ ಓದಿದೆ. ಅಡಿಕೆಗೆ ಅಷ್ಟು ಹಿಂದೆಯೇ ಮದ್ದು ಸಿಕ್ಕಿತು. ಅದನ್ನು ಗೊನೆಗೆ ಮುಟ್ಟಿಸುವ ಮನುಷ್ಯ ಮಾತ್ರ ಅದೇ ತಳೆ ಹಾಕಿಕೊಂಡು ಅದೇ ಪಾಚಿ ಹಿಡಿದ ಮರ ಹತ್ತುತ್ತಲೇ ಬಂದ. ಎರಡನೆಯ ಮದ್ದು ಬರುವುದು ಆಟಿಯ ಜಡಿಮಳೆಯಲ್ಲಿ. ಎರಡು ಗಂಟೆ ಹೊಳವಾದರೆ ಸಾಕು, ಮೂರು ತೋಟದವರು ಫೋನು ಮಾಡುತ್ತಿದ್ದರು.

ಅಂದು ಕೆಳಗೆ ಮದ್ದಿನ ಪಂಪು ಜಗ್ಗುತ್ತಿದ್ದವನು ನಾನು. ಅಪ್ಪ ಮೂರು ಮರ ಮುಗಿಸಿ ನಾಲ್ಕನೆಯದಕ್ಕೆ ದಾಟಿದ. ತೋಟದ ಪಡುವಣ ಅಂಚಿನ ಮರ ಅದು. ಅಂಥ ಮರಗಳಿಗೆ ಮಧ್ಯಾಹ್ನದ ಬಿಸಿಲು ನೇರ ಬಿದ್ದು ಕಾಂಡ ಸುಟ್ಟು ಸೀಳು ಬಿಡುತ್ತದೆ, ಒಳಗೆ ಕುಂಬಾಗುತ್ತದೆ. ಬುಡದಿಂದ ಹತ್ತುವುದಾದರೆ ಅಪ್ಪ ಕತ್ತಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳಿಯೇ ಹತ್ತುತ್ತಿದ್ದ. ಅಂದು ಮೇಲಿನಿಂದ ಬಂದ. ಮರ ನಡುವಿಗೆ ಮುರಿಯಿತು. ಅವನ ಬೆನ್ನು ಬಿದ್ದದ್ದು ನೀರಿನ ಕಣಿಯ ಅಂಚಿಗೆ.

ನಾನು ಓಡಿ ಹೋದಾಗ ಕಣ್ಣು ಬಿಟ್ಟೇ ಇದ್ದ. "ನನ್ನ ಕಾಲು ಇದೆಯಾ ನೋಡು ಮಗಾ" ಎಂದ. ಕಾಲು ಇತ್ತು. ಒಂದು ಗೀರೂ ಆಗಿರಲಿಲ್ಲ.

ನಾನು ಹಿಂದಿನಿಂದ ಕಂಕುಳಿಗೆ ಕೈ ಹಾಕಿದೆ, ತೋಟದವರ ಮಗ ಮತ್ತು ಇನ್ನೊಬ್ಬರು ಕಾಲು ಹಿಡಿದರು. ಹಾಗೇ ಎತ್ತಿ, ರಸ್ತೆಯವರೆಗೆ ಹೊತ್ತು, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದೆವು. ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ. ಮಂಗಳೂರಿನ ಡಾಕ್ಟರು ಹೇಗೆ ತಂದಿರೆಂದು ಕೇಳಿದರು. ಹೇಳಿದೆ. "ಬೆನ್ನಿಗೆ ಪೆಟ್ಟಾದವರನ್ನು ಹಲಗೆಯ ಮೇಲೆ ಮಲಗಿಸಿ, ಅಲುಗಾಡಿಸದೆ ತರಬೇಕು" ಎಂದರು. ಬೈಯಲಿಲ್ಲ. ಬಿದ್ದಾಗಲೇ ಬೆನ್ನುಹುರಿ ಹೋಗಿತ್ತೋ, ಎತ್ತಿದಾಗ ಹೋಯಿತೋ ಹೇಳಲಾಗದು ಎಂದೂ ಅಂದರು. ಆ ತೋಟದ ಕೊಟ್ಟಿಗೆಯಲ್ಲಿ ಹಲಗೆಗಳು ಗೋಡೆಗೆ ಒರಗಿಕೊಂಡಿದ್ದವು. ನಾನು ಅವುಗಳನ್ನು ದಾಟಿಯೇ ಅಪ್ಪನನ್ನು ಹೊತ್ತು ತಂದಿದ್ದೆ.

ಆಪರೇಷನ್ ಮಾಡಿ ಮನೆಗೆ ಕಳಿಸುವಾಗ ಮಾತ್ರೆಯ ಚೀಟಿ ಕೊಟ್ಟರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಯಾರೂ ಹೇಳಲಿಲ್ಲ. ಸೊಂಟದ ಕೆಳಗೆ ಅವನಿಗೆ ನೋವೇ ಗೊತ್ತಾಗುತ್ತಿರಲಿಲ್ಲವಲ್ಲ, ಹಾಗಾಗಿ ಹುಣ್ಣು ಆದದ್ದೂ ಗೊತ್ತಾಗಲಿಲ್ಲ. ಮೊದಲು ವಾಸನೆ ಹಿಡಿದವಳು ಅಮ್ಮ. ನೋಡಿದರೆ ಬೆನ್ನಿನ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ಹೊಂಡ. ಆಮೇಲೆ ಅಲಾರಾಂ ಇಟ್ಟುಕೊಂಡು ರಾತ್ರಿಯಿಡೀ ಅಮ್ಮ ಒಂದು ಸರದಿ, ನಾನೊಂದು ಸರದಿ. ದಿನಾ ತೊಳೆದು, ಬಟ್ಟೆ ತುಂಬಿ, ಕಟ್ಟುವುದು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ವಾರಗಟ್ಟಲೆ ಮಾತಿಲ್ಲ. ಒಂದು ದಿನ ಅಮ್ಮ, ಬೋರ್ಡೋಕ್ಕೆಂದು ಅಟ್ಟದಲ್ಲಿದ್ದ ಮೈಲುತುತ್ತಿನ ಡಬ್ಬಿಯನ್ನು ತೆಗೆದು ಪಕ್ಕದ ಮನೆಯಲ್ಲಿ ಇಟ್ಟು ಬಂದಳು. ಯಾಕೆಂದು ನಾನು ಕೇಳಲಿಲ್ಲ.

ಹುಣ್ಣು ಒಣಗಿದ್ದು 2012ರ ಕೊನೆಗೆ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಕೈಗಳ ಬಲದಿಂದ ಕುರ್ಚಿಗೆ ದಾಟುವುದನ್ನು ಕಲಿಸಿಕೊಟ್ಟಳು. "ಕಾಲು ಗಂಟೆಗೊಮ್ಮೆ ಎರಡೂ ಕೈ ಊರಿ ಮೈಯನ್ನು ಮೇಲೆತ್ತಬೇಕು, ಮರೆತರೆ ಮತ್ತೆ ಹುಣ್ಣು" ಎಂದು ಹೆದರಿಸಿಯೂ ಹೋದಳು. ಮರ ಹತ್ತಿದ ತೋಳುಗಳು, ಅದೇನೂ ಕಷ್ಟವಾಗಲಿಲ್ಲ. ಮಾರನೆಯ ತಿಂಗಳು ಅಪ್ಪ ತಾನಾಗಿ ಬಾಯಿ ಬಿಟ್ಟ. "ತೋಟದ ಭಟ್ಟರಲ್ಲಿ ಅಡಿಕೆ ಒಣಗಿರಬೇಕಲ್ಲ? ಎರಡು ಗೋಣಿ ತರಿಸು, ಸುಲಿದು ನೋಡುತ್ತೇನೆ."

ಅಡಿಕೆ ಸುಲಿಯುವ ಕತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಅವನಿಗೆ ಅದಾಗದು. ನಾನು ಕುರ್ಚಿಯ ಎತ್ತರಕ್ಕೆ ಹಲಸಿನ ಹಲಗೆ ಕೊಯ್ಯಿಸಿ ಒಂದು ಮೇಜು ಮಾಡಿ, ಅದರ ಅಂಚಿಗೆ ಕತ್ತಿಯನ್ನು ಬೋಲ್ಟು ಹಾಕಿ ಬಿಗಿದೆ. ಮೊದಲ ದಿನ ಎರಡು ಬೆರಳು ಕೊಯ್ದುಕೊಂಡ. ತಿಂಗಳಾಗುವಾಗ ಕೈಗೆ ಲಯ ಬಂತು. ಅಡಿಕೆಯನ್ನು ಕತ್ತಿಗೆ ಒತ್ತಿ, ಒಂದು ತಿರುವು, ಸಿಪ್ಪೆ ಎಡಕ್ಕೆ, ಅಡಿಕೆ ಬಲಕ್ಕೆ. ಸುಲಿಯುತ್ತಲೇ ಕಡಿಮೆ ದರ್ಜೆಯ ಅಡಿಕೆಯಲ್ಲಿ ಪಟೋರ ಬೇರೆ ಬುಟ್ಟಿಗೆ, ಕರಿಗೋಟು ಬೇರೆ ಬುಟ್ಟಿಗೆ. ಕಿಲೋಕ್ಕೆ ಇಷ್ಟು ಎಂದು ಮಜೂರಿ. ಸುತ್ತಲಿನ ತೋಟದವರು ಗೋಣಿಗಳನ್ನು ಮನೆಗೇ ತಂದಿಳಿಸತೊಡಗಿದರು. ಯಾರದ್ದು ಎಷ್ಟು ಕಿಲೋ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಮಳೆಗಾಲದಲ್ಲಿ ಸುಲಿಯುವುದಿಲ್ಲದಾಗ ಹಾಳೆ ನೆನೆಸಿ ಮುಟ್ಟಾಳೆ ಹೊಲಿದ, ಊರಿನ ಹುಡುಗರಿಗೆ ತಳೆ ಹೆಣೆದುಕೊಟ್ಟ. ತಳೆ ಒಯ್ಯಲು ಬಂದವರಿಗೆಲ್ಲ ಒಂದೇ ಮಾತು: "ದಾಟುವ ಮರವನ್ನು ಮೊದಲು ಕೆಳಗಿನಿಂದ ತಟ್ಟಿ ಬಾ."

ನನ್ನ ಮಗ ಹುಟ್ಟಿದ್ದು 2014ರಲ್ಲಿ. ಅವನು ಕಂಡದ್ದು ಕೂತ ಅಜ್ಜನನ್ನೇ. ಮಿಕ್ಕ ಮಕ್ಕಳ ಅಜ್ಜಂದಿರು ಯಾಕೆ ನಡೆಯುತ್ತಾರೆ ಎಂದು ಒಮ್ಮೆ ಕೇಳಿದ್ದ. ಸುಲಿಯುವುದರಲ್ಲಿ ಮುಳುಗಿದರೆ ಅಪ್ಪ ಮೈ ಎತ್ತುವುದನ್ನು ಮರೆಯುತ್ತಿದ್ದ. ನೂರು ಅಡಿಕೆಗೆ ಅವನಿಗೆ ಸುಮಾರು ಕಾಲು ಗಂಟೆ ಹಿಡಿಯುತ್ತಿತ್ತು. ಹಾಗಾಗಿ ಎಣಿಸುವ ಕೆಲಸ ಮಗನಿಗೆ ಬಂತು. ಅಂಗನವಾಡಿಗೆ ಹೋಗುವ ಪ್ರಾಯ, ಹತ್ತರ ಮೇಲೆ ಲೆಕ್ಕ ಬಾರದು. ಅಪ್ಪ ಹತ್ತಕ್ಕೊಂದು ಸಿಪ್ಪೆಯನ್ನು ಮೇಜಿನ ಮೇಲೆ ಇಡಿಸಿದ. ಹತ್ತು ಸಿಪ್ಪೆಯಾದರೆ ನೂರು. ನಾನು ರಿಕ್ಷಾ ನಿಲ್ಲಿಸಿ ಅಂಗಳಕ್ಕೆ ಬರುವಾಗ ಒಳಗಿನಿಂದ ಕೇಳುತ್ತಿತ್ತು, "ನೂರಾಯ್ತು, ಅಜ್ಜಾ! ಏಳು!" ಅಪ್ಪ ಕತ್ತಿಯಿಂದ ಕೈ ತೆಗೆದು, ಕುರ್ಚಿಯ ತೋಳು ಹಿಡಿದು, ಮೈಯನ್ನು ಗೇಣೆತ್ತರ ಎತ್ತಿ ನಿಲ್ಲಿಸುತ್ತಿದ್ದ. ಮಗ ಮತ್ತೆ ಒಂದರಿಂದ ಹತ್ತು ಎರಡು ಸಲ ಎಣಿಸುವವರೆಗೆ ಇಳಿಸುವಂತಿಲ್ಲ. ಒಂದನೇ ಕ್ಲಾಸಿಗೆ ಸೇರಿಸಿದಾಗ ಟೀಚರು, ಇವನಿಗೆ ಲೆಕ್ಕ ಯಾರು ಕಲಿಸಿದ್ದೆಂದು ಕೇಳಿದರು. ಒಂಬತ್ತು ವರ್ಷದಲ್ಲಿ ಅಪ್ಪನಿಗೆ ಇನ್ನೊಂದು ಹುಣ್ಣು ಆಗಲಿಲ್ಲ.

ಬಿದ್ದ ದಿನ ಹಾಗೆ ಎತ್ತಿದ ವಿಷಯವನ್ನು ನಾನು ಅವನಲ್ಲಿ ಹೇಳಿದ್ದು ಎಂಟು ವರ್ಷ ಕಳೆದ ಮೇಲೆ. ಕರೆಂಟು ಹೋಗಿತ್ತು, ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಬಾಯಿ ಬಂತೋ ಏನೋ. "ಹಲಗೆಯಲ್ಲಿ ತರಬೇಕಿತ್ತಂತೆ ಅಪ್ಪ. ನಾನು ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟೆ." ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಮತ್ತೆ, "ಡಾಕ್ಟರು ನನ್ನ ಎದುರಿಗೇ ಹೇಳಿದ್ದಲ್ಲವಾ ಮಾರಾಯಾ, ನನಗೆ ಕಿವಿ ಕೇಳುತ್ತಿತ್ತು" ಎಂದ. ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಎಂಟು ವರ್ಷ ದಿನಾ ನನ್ನ ತೋಳು ಹಿಡಿದೇ ಬಚ್ಚಲಿಗೆ ಬಂದಿದ್ದ. ಕತ್ತಲಲ್ಲೇ ಕೈ ಚಾಚಿ ನನ್ನ ಕುತ್ತಿಗೆಯ ಹಿಂದೆ ಇಟ್ಟ. ಆ ಅಂಗೈ ಅಡಿಕೆಯ ಚೊಗರಿನಿಂದ ಒರಟಾಗಿ, ತೊಗಲಿನ ಹಾಗಿತ್ತು.

ಕಾರ್ಬನ್ ಫೈಬರ್ ದೋಟಿ ನಮ್ಮೂರಿಗೆ ಬಂದಾಗ ಒಬ್ಬರು ತಂದು ತೋರಿಸಿದರು. ನೆಲದಲ್ಲೇ ನಿಂತು ಕೊಯ್ಯಬಹುದು, ಮದ್ದೂ ಬಿಡಬಹುದು. ಅಪ್ಪ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಉದ್ದಕ್ಕೂ ಸವರಿದ. "ಎಷ್ಟು ಹಗುರ! ಹುಡುಗರು ಇನ್ನು ಹತ್ತುವುದು ಬೇಡ" ಎಂದು ಎಲ್ಲರಿಗೂ ಹೇಳಿ ಹೇಳಿ ಸಂತೋಷಪಟ್ಟ.

ಕೊನೆಗೆ ಅವನನ್ನು ಒಯ್ದದ್ದು ಮೂತ್ರದ ಸೋಂಕು. ಟ್ಯೂಬು ಹಾಕಿಕೊಂಡವರಿಗೆ ಅದು ಬಂದು ಹೋಗುತ್ತಲೇ ಇರುತ್ತದೆ. ಈ ಸಲ ಚಳಿಜ್ವರ ಇಳಿಯಲಿಲ್ಲ, ಕಿಡ್ನಿಗೆ ಹೋಯಿತು, ರಕ್ತಕ್ಕೆ ಸೇರಿತು. ಆರನೆಯ ದಿನ ಬೆಳಗ್ಗೆ ಹೋದ. ಪ್ರಾಯ 63. ಜಗಲಿಯಲ್ಲಿ ಭಟ್ಟರ ಎರಡು ಗೋಣಿ ಸುಲಿಯದೆ ಉಳಿದಿತ್ತು.

ಭಟ್ಟರು, "ಅದು ಇರಲಿ, ನಾನು ಕೊಂಡೊಯ್ಯುತ್ತೇನೆ" ಎಂದರು. ಅಮ್ಮ ಒಪ್ಪಲಿಲ್ಲ. ಒಪ್ಪಿಕೊಂಡ ಕೆಲಸ ಬಾಕಿ ಇಟ್ಟು ಅಪ್ಪನಿಗೆ ಎಲೆ ಹಾಕುವುದು ಹೇಗೆ ಎಂದಳು. ಬೊಜ್ಜಕ್ಕೆ ಮೊದಲಿನ ಎರಡು ರಾತ್ರಿ ಅಮ್ಮ, ನಾನು, ನನ್ನ ಹೆಂಡತಿ ಕೂತು ಸುಲಿದೆವು. ಆ ಮೇಜಿನ ಕತ್ತಿಯಲ್ಲಿ ಸುಲಿದದ್ದು ಅಮ್ಮ. ಮಗ ಪಟೋರ, ಕರಿಗೋಟು ಬೇರೆ ಮಾಡಿದ. ಅವನು ಎಣಿಸಲಿಲ್ಲ. ನಾವೂ ಎಣಿಸು ಎನ್ನಲಿಲ್ಲ.

ಭಟ್ಟರು ತಕ್ಕಡಿ ತಂದು ತೂಗಿದರು. 41 ಕಿಲೋ ಬಂತು. ಮಗ ಒಳಗಿನಿಂದ ನೋಟ್‌ಬುಕ್ಕು ತಂದು ನನ್ನ ಕೈಯಲ್ಲಿಟ್ಟ. ಅಪ್ಪನ ಅಕ್ಷರದ ಕೆಳಗಿನ ಗೆರೆಯಲ್ಲಿ ತಾರೀಕು ಹಾಕಿ, ಭಟ್ಟರ ಹೆಸರು ಹಾಕಿ, 41 ಎಂದು ಬರೆದೆ.