ಬರ್ಲಿನ್‌ನಲ್ಲಿ ನಮಗೊಂದು ವಿಳಾಸ ಸಿಗುವವರೆಗೆ

ಊರಿಗೆ ಫೋನ್ ಮಾಡಿದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಜರ್ಮನೀಲಿ ಫೀಸೇ ಇಲ್ವಂತೆ, ನಮ್ಮ ಹುಡುಗನ್ನೂ ಕಳಿಸಬಹುದಾ?"

ಬರ್ಲಿನ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕೋರ್ಸುಗಳಿಗೆ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಸ್ಕಾಲರ್‌ಶಿಪ್ ಇಲ್ಲದವರು ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚು, 11,904 ಯೂರೋ, ಖಾತೆಯಲ್ಲಿ ಕಟ್ಟಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಇಲ್ಲಿಗೆ ಬಂದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಇದಕ್ಕಾಗಿ ನಮ್ಮ ಮೂವರ ಮನೆಯಲ್ಲೂ ಸಾಲವಾಗಿದೆ. ಒಬ್ಬರ ಮನೆಯ ಜಮೀನಿನ ಪತ್ರ ಬ್ಯಾಂಕಿನಲ್ಲಿದೆ. ಇಷ್ಟನ್ನು ಏಜೆಂಟರೂ ಹೇಳುತ್ತಾರೆ. ಅವರು ಬಾಯಿ ಬಿಡದೇ ಇರುವುದು ಮನೆಯ ವಿಷಯ.

ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅನ್ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಕಾಗದ ಬೇಕು. ನೋಂದಣಿ ಆದರೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ, ಪಾರ್ಟ್‌ಟೈಮ್ ಕೆಲಸಕ್ಕೆ ಅದು ಬೇಕು. ವೀಸಾ ಅವಧಿ ಮುಗಿಯುವ ಮುಂಚೆ ವಾಸದ ಪರವಾನಗಿಗೂ ಇದೇ ನೋಂದಣಿ ಬೇಕು. ಊರಲ್ಲಿ ಆಧಾರ್ ಇಲ್ಲದವನ ಪಾಡು ನೆನೆಸಿಕೊಳ್ಳಿ, ಹೆಚ್ಚು ಕಡಿಮೆ ಹಾಗೆಯೇ.

ನಮಗೆ ಮೊದಲು ಸಿಕ್ಕ ರೂಮಿನವನು ಸಹಿ ಹಾಕಲು ಒಪ್ಪಲಿಲ್ಲ. ಅವನೇ ಬಾಡಿಗೆಗೆ ಇದ್ದವನು, ಮಾಲೀಕರಿಗೆ ಗೊತ್ತಿಲ್ಲದೆ ನಮಗೆ ಕೊಟ್ಟಿದ್ದ. ಒಬ್ಬರಿಗೆ ಸಾಲುವ ಕೋಣೆಯಲ್ಲಿ ಮೂವರು, ಆರು ವಾರ. ಇಂಟರ್ನೆಟ್‌ನಲ್ಲಿ ಇನ್ನೊಬ್ಬ ಮನೆಯ ಚಂದದ ಫೋಟೋ ಕಳಿಸಿ, ಮೂರು ತಿಂಗಳ ಅಡ್ವಾನ್ಸ್ ಹಾಕಿದರೆ ಕೀ ಅಂಚೆಯಲ್ಲಿ ಬರುತ್ತದೆ ಅಂದ. ನಾವು ಹಾಕಲಿಲ್ಲ. ಇಲ್ಲಿನ ಕಾನೂನಿನಲ್ಲಿ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ, ಅದನ್ನೂ ಮೂರು ಕಂತಲ್ಲಿ ಕಟ್ಟಬಹುದು. ಮೊದಲ ಕಂತು ಬಾಡಿಗೆ ಶುರುವಾದಾಗ. ಮಕ್ಕಳನ್ನು ಕಳಿಸುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಆಗ ಊರಲ್ಲಿ ಎಂಟೂವರೆ, ಅಮ್ಮಂದಿರು ಫೋನ್ ಮಾಡುವ ಹೊತ್ತು. "ಊಟ ಆಯ್ತಾ?" ಆದ ಮೇಲೆ "ರೂಮ್ ತೋರ್ಸು ಮಗಾ." ಮೂವರಲ್ಲಿ ಇಬ್ಬರು ಹೊರಗೆ ಎದ್ದು ಹೋಗುತ್ತಿದ್ದೆವು, ಉಳಿದವರು ಕಿಟಕಿ ಇರುವ ಗೋಡೆಯನ್ನಷ್ಟೇ ತೋರಿಸುತ್ತಿದ್ದರು. ಆ ಕಿಟಕಿಯಿಂದ ಹಿಮ ಕಾಣುತ್ತಿತ್ತು, ಅಮ್ಮಂದಿರಿಗೆ ಅಷ್ಟಕ್ಕೇ ಖುಷಿ. ಕೆಲಸ ಯಾಕೆ ಸಿಗಲಿಲ್ಲ ಎಂದು ಅಪ್ಪಂದಿರು ಕೇಳುತ್ತಿರಲಿಲ್ಲ. ಸಾಲದ ಕಂತಿನ ತಾರೀಕು ಮಾತ್ರ ನಡುವೆ ಒಮ್ಮೆ ಹೇಳಿ ಸುಮ್ಮನಾಗುತ್ತಿದ್ದರು.

ಕೊನೆಗೆ ಓದು ಮುಗಿಸಿ ಹೊರಟಿದ್ದ ಸೀನಿಯರ್‌ಗಳ ಮನೆ ಸಿಕ್ಕಿತು. ಮಾಲೀಕರು ವಯಸ್ಸಾದ ಹೆಂಗಸು, ಕೇಳುವ ಮುಂಚೆಯೇ ಸಹಿ ಹಾಕಿದರು.

ಇಲ್ಲಿ ಸಾಮಾನ್ಯವಾಗಿ ಫ್ಲಾಟ್‌ಗೆ ನಂಬರ್ ಇರುವುದಿಲ್ಲ. ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಸರ್‌ನೇಮ್. ನಮಗೋ ಇರುವುದು ಇನಿಷಿಯಲ್. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನೇ ಬಿಡಿಸಿ ಬರೆಸಿದ್ದೆವು. ಹಾಗಾಗಿ ಡಬ್ಬಿಯ ಮೇಲೆ ಈಗ ಇಬ್ಬರ ಅಪ್ಪಂದಿರ ಹೆಸರಿದೆ, ಮೂರನೆಯದು ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಹೆಸರು. ಫೋಟೋ ನೋಡಿದ ಒಬ್ಬರ ಅಪ್ಪ, "ನನ್ ಹೆಸ್ರಿಗೆ ಕಾಗ್ದ ಬಂದ್ರೆ ಓದಿ ಹೇಳು" ಅಂದರು.

ಬಂತು. ರೇಡಿಯೋ-ಟಿವಿ ಶುಲ್ಕದ ಬಿಲ್ಲು. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ, ಸಾರ್ವಜನಿಕ ಪ್ರಸಾರ ಸಂಸ್ಥೆಗಳಿಗೆ. ಪತ್ರಿಕೋದ್ಯಮ ಓದಿದವರಲ್ಲವೇ, ಬೈಯಲು ಮನಸ್ಸು ಬರಲಿಲ್ಲ. ಮೂವರೂ 6.12ರಂತೆ ಹಾಕಿ ಕಟ್ಟಿದೆವು.